ಹುಳು ಜ್ವರಕ್ಕೆ ಕೂತ ದಿನ ಬಂದ ಬಾಕ್ಸ್

ಧನಗೆರೆಯ ಮಹಾದೇವಮ್ಮನ ಮನೆಯಲ್ಲಿ ರೇಷ್ಮೆಹುಳುಗಳು ನಾಲ್ಕನೇ ಜ್ವರಕ್ಕೆ ಕೂತ ದಿನವೇ ಕೊಳ್ಳೇಗಾಲದಿಂದ ಲಗೇಜ್ ಆಟೋದಲ್ಲಿ ಎರಡು ಸ್ಪೀಕರ್ ಬಾಕ್ಸ್ ಬಂದಿಳಿದವು. ಬೇರೆ ದಿನವೇ ಸಿಗಲಿಲ್ಲವೇ ಎಂದು ಕೇಳಿದರೆ, ಸಿಗಲಿಲ್ಲ. ಭಾನುವಾರ ಹನೂರಿನ ಕಾಲೇಜು ಮೈದಾನದಲ್ಲಿ ಮಗಳು ದಿವ್ಯಳ ರಾಕ್ ಬ್ಯಾಂಡಿನ ಮೊದಲ ಕಾರ್ಯಕ್ರಮ, ಇವತ್ತಾಗಲೇ ಗುರುವಾರ. ಎರಡನ್ನೂ ಬಾರಿಸಿ ನೋಡಿ, ಬೇಡವಾದದ್ದನ್ನು ಅದೇ ಆಟೋದಲ್ಲಿ ಕಳಿಸಿ ಎಂದು ಬಾಡಿಗೆ ಅಂಗಡಿಯ ಚನ್ನಬಸವ ಹೇಳಿದ್ದ. ಆಟೋದವನು ಅಂಗಳದಲ್ಲಿ ಬೀಡಿ ಹಚ್ಚಲು ಹೋಗಿ ಮಹಾದೇವಮ್ಮನಿಂದ ಬೈಸಿಕೊಂಡು ಅದನ್ನು ಕಿವಿಗೆ ಸಿಕ್ಕಿಸಿ ಕಾಯುತ್ತಿದ್ದ.

ಜ್ವರವೆಂದರೆ ಕಾಯಿಲೆಯಲ್ಲ. ಹುಳು ಸೊಪ್ಪು ಮುಟ್ಟದೆ, ತಲೆ ಎತ್ತಿ, ಅಲುಗದೆ ಕೂತು ಹಳೆ ಚರ್ಮ ಕಳಚುವ ಹೊತ್ತು. ಆಗ ಹುಳು ಸಾಕುವ ಸ್ಟ್ಯಾಂಡು ಅಲುಗಿದರೆ ಬೆಳೆ ಕೆಟ್ಟಿತೆಂದೇ ಮಹಾದೇವಮ್ಮನ ನಂಬಿಕೆ. ಹುಳುಮನೆಯೊಳಗೆ ಕೆಮ್ಮುವುದಕ್ಕೂ ಅವಳು ಹಿಂದೆಮುಂದೆ ನೋಡುತ್ತಾಳೆ. ಅಂಥ ಹುಳುಮನೆಗೆ ಅಂಟಿಕೊಂಡ ಶೆಡ್ಡಿನಲ್ಲೇ ಈ ಬ್ಯಾಂಡು! ಯಳಂದೂರಿನ ರೂಮಿನಿಂದಲೂ ಸತ್ತೇಗಾಲದ ಗೋಡೌನಿನಿಂದಲೂ ಜನ ಓಡಿಸಿದ ಮೇಲೆ ಉಳಿದಿದ್ದು ಇದೊಂದೇ ಜಾಗ.

"ಸ್ಟ್ಯಾಂಡ್ ಮ್ಯಾಲೆ ಕೈ ಮಡಗ್ಕಂಡು ನಿಂತಿರ್ತೀನಿ," ಎಂದಳು ಮಹಾದೇವಮ್ಮ. "ಅದೇನಾರ ನಡುಗ್ತೋ, ಕಿಟಕೀಲಿ ಕೈ ತೋರಿಸ್ತೀನಿ. ಅಲ್ಲಿಗೆ ನಿಲ್ಸ್ಬೇಕು. ಎರಡು ಬಾಕ್ಸೂವೆ ನಡುಗಿಸಿದ್ರೆ ನಿಮ್ ಸಾಮಾನೆಲ್ಲ ಇವತ್ತೇ ಆಟೋಕ್ ಏರ್ಸಿ."

ಅಲ್ಲಿಗೆ ಬ್ಯಾಂಡೂ ಮುಗಿದಂತೆಯೇ. ದಿವ್ಯ ತಲೆಯಾಡಿಸಿದಳು.

ಮೊದಲನೆಯದು ಮೆರವಣಿಗೆಗೆ ಹೋಗುವ ಬಾಕ್ಸ್. ಹದಿನೆಂಟು ಇಂಚಿನ ಎರಡು ಸ್ಪೀಕರ್, ಬೀರುವಿನಷ್ಟು ಎತ್ತರ. ಗಿಟಾರ್ ಬಾರಿಸುವ ಬಸವಕುಮಾರನಿಗೆ ನೋಡಿದ್ದೇ ಬಾಯಲ್ಲಿ ನೀರೂರಿತು.

"ರಾಕ್ ಅಂದ್ರೆ ಎದೆ ಅದುರ್ಬೇಕು ಕಣಮ್ಮಿ. ಇದೇ ಇರ್ಲಿ."

ದಿವ್ಯ ಬೇಸ್ ಗಿಟಾರಿನ ದಪ್ಪ ತಂತಿಯನ್ನು ಮೀಟಿದಳು. ಶೆಡ್ಡಿನ ತಗಡು ಗಡಗಡ ಎಂದಿತು. ಎದೆಯೇನೋ ಅದುರಿತು, ಆದರೆ ತಾನು ಯಾವ ಸ್ವರ ಮೀಟಿದೆನೆಂದು ಅವಳಿಗೇ ತಿಳಿಯಲಿಲ್ಲ. ಎಲ್ಲವೂ ಕಲಸಿಹೋದ ಒಂದೇ ಗುಡುಗು. ನಾಲ್ಕನೇ ಸಲಕ್ಕೆ ಬೆರಳಿಡುವಷ್ಟರಲ್ಲಿ ಕಿಟಕಿಯಲ್ಲಿ ಅವ್ವನ ಕೈ ಕಾಣಿಸಿತು. ದಿವ್ಯಳ ಮುಖ ಸಣ್ಣಗಾಯಿತು.

ಎರಡನೆಯದು ಸೊಂಟದೆತ್ತರವೂ ಇಲ್ಲ. ಹತ್ತು ಇಂಚಿನ ನಾಲ್ಕು ಸ್ಪೀಕರ್. ಬಸವಕುಮಾರ್ ಮೂಗು ಮುರಿದ. ಡ್ರಮ್ಸ್ ಮುಂದೆ ಕೂತಿದ್ದ ಗುರುಪ್ರಕಾಶ್ ಒಂದರಿಂದ ನಾಲ್ಕರವರೆಗೆ ಎಣಿಸಿದ, ಹಾಡು ಶುರುವಾಯಿತು.

ಗಿಟಾರಿನ ಅಬ್ಬರದ ನಡುವೆಯೂ ಬೇಸ್‌ನ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಗುರುಗುಟ್ಟುತ್ತ ಎದ್ದು ಬಂತು. ಎರಡು ವರ್ಷದಲ್ಲಿ ಮೊದಲ ಸಲ ದಿವ್ಯ ಬಾರಿಸಿದ್ದು ಅವಳಿಗೇ ಕೇಳಿಸಿತು. ಕಣ್ಣು ಮಾತ್ರ ಕಿಟಕಿಯಲ್ಲೇ ಇತ್ತು. ಕೈ ಬರಲಿಲ್ಲ. ಬಸವಕುಮಾರ್ ವಾಲ್ಯೂಮನ್ನು ಅರ್ಧಕ್ಕೆ ತಿರುಗಿಸಿದ, ಆಮೇಲೆ ಮುಕ್ಕಾಲಿಗೆ. ಆಗಲೂ ಬರಲಿಲ್ಲ.

ದಿವ್ಯಳಿಗೆ ಇದು ಸರಿ ಕಾಣಲಿಲ್ಲ. ಲೋಟ ಬಿದ್ದರೂ ಮನೆ ತಲೆ ಮೇಲೆ ಹೊರುವ ಅವ್ವ ಇಷ್ಟು ಹೊತ್ತು ಸುಮ್ಮನಿರುವುದುಂಟೇ? ಬೇಸ್ ಅನ್ನು ಬಸವಕುಮಾರನ ಕೈಗೆ ತುರುಕಿ ಹುಳುಮನೆಗೆ ಓಡಿದಳು. ಅವನು ತನ್ನ ಗಿಟಾರ್ ಬಿಟ್ಟು ಅದನ್ನೇ ಬಾರಿಸತೊಡಗಿದ.

ಒಳಗೆ ಮಹಾದೇವಮ್ಮ ಸ್ಟ್ಯಾಂಡಿನ ಕಂಬವನ್ನು ಎರಡೂ ತೋಳಲ್ಲಿ ತಬ್ಬಿ, ಕೆನ್ನೆ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದಳು.

"ಅವ್ವಾ, ನಡುಗ್ತಾ ಅದಾ?"

"ಅದೆ. ನಾನ್ ಇಡ್ಕಂಡಿವ್ನಿ, ನೀ ಓಗು."

"ಮತ್ತೆ ಕೈ ಯಾಕ್ ತೋರಿಸ್ನಿಲ್ಲ?"

"ಒಂದ್ಸಲ ತೋರಿಸ್ದಾಗ ನಿನ್ ಮಕ ನೋಡ್ದೆ. ಎರಡ್ನೇ ಸಲಕ್ಕೆ ಕೈ ಏಳ್ನಿಲ್ಲ ಕಣ್ ಮಗ."

ದಿವ್ಯಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಮೊಟ್ಟೆಯಿಂದ ಇಲ್ಲಿಯವರೆಗೆ ನಿದ್ದೆಗೆಟ್ಟು ಸಾಕಿದ ಹುಳುಗಳನ್ನು ಅವ್ವ ಅವಳ ನಾಲ್ಕು ತಂತಿಗೆ ಬಿಟ್ಟುಕೊಟ್ಟಿದ್ದಳು. ಹಾಳಾಗಲಿ ಬ್ಯಾಂಡು, ಎರಡೂ ಬಾಕ್ಸ್ ವಾಪಸ್ ಹೋಗಲಿ ಅನ್ನಿಸಿತು. ಬಾರಿಸಬೇಡವೆಂದು ಕೂಗಲು ಕಿಟಕಿಯತ್ತ ತಿರುಗುವಾಗ ಆಸರೆಗೆಂದು ಅದೇ ಸ್ಟ್ಯಾಂಡಿನ ಪಕ್ಕದ ಕಂಬ ಹಿಡಿದಳು.

ಕಂಬ ತಣ್ಣಗೆ ನಿಂತಿತ್ತು. ಮತ್ತೆ ಹಿಡಿದು ನೋಡಿದಳು. ಶೆಡ್ಡಿನಿಂದ ಬೇಸ್ ಗುರುಗುಟ್ಟುತ್ತಲೇ ಇತ್ತು, ಕಂಬ ಮಾತ್ರ ಅಲುಗಲಿಲ್ಲ.

"ಅವ್ವಾ, ಕೈ ಬಿಡು."

"ಬಿಟ್ರೆ ಉಳ..."

"ಬಿಡವ್ವ."

ಅವ್ವನ ಬೆರಳುಗಳನ್ನು ಒಂದೊಂದಾಗಿ ತಾನೇ ಬಿಡಿಸಿದಳು. ಸ್ಟ್ಯಾಂಡು ಇದ್ದಂತೆಯೇ ಇತ್ತು. ಒಂದೆಲೆ ಮಿಸುಕಲಿಲ್ಲ, ಹುಳುಗಳು ತಲೆ ಎತ್ತಿಕೊಂಡು ಹಾಗೇ ಕೂತಿದ್ದವು. ನಡುಗುತ್ತಿದ್ದುದು ಅವ್ವನ ತೋಳು, ಮೊಣಕೈಯಿಂದ ಬೆರಳ ತುದಿಯವರೆಗೆ. ಆ ನಡುಕ ಈಗ ದಿವ್ಯಳ ಅಂಗೈಗೆ ತಿಳಿಯುತ್ತಿತ್ತು.

ಮಹಾದೇವಮ್ಮ ಸ್ಟ್ಯಾಂಡನ್ನು ನೋಡಿದಳು, ತನ್ನ ಕೈ ನೋಡಿಕೊಂಡಳು.

"ಅಯ್ಯೋ, ನಾನೇ ನಡುಗ್ತಿದ್ನಾ?" ಎಂದು ನಾಚಿಕೊಂಡು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಓಗು, ಆ ದೊಡ್ಡದ್ನ ಆಟೋಕ್ ಏರ್ಸು. ಆಮ್ಯಾಕೆ ಇನ್ನೊಂದ್ಸಲ ನೀನೇ ಬಾರ್ಸು. ಇಷ್ಟೊತ್ತು ಏನೂ ಕೇಳ್ನಿಲ್ಲ ನಂಗೆ."