"ನಂದು ಹೇಗಿದೆ?"

ಬೆಳಗ್ಗೆ ಏಳೂವರೆಗೆ ಸರಿಯಾಗಿ ನಾದಿನಿಯ ಫೋನು. "ಅತ್ತಿಗೆ, ನಂದು ಹೇಗಿದೆ?"

ನಂದು ಅಂದರೆ ಅವಳು ಅಣ್ಣನಿಗೆ ಕೊಟ್ಟ ಕಿಡ್ನಿ. ಕೊಟ್ಟು ಹದಿನಾಲ್ಕು ತಿಂಗಳಾದರೂ ಅವಳ ಬಾಯಲ್ಲಿ ಅದಿನ್ನೂ 'ನಂದು'. ಬಾಡಿಗೆಗೆ ಬಿಟ್ಟ ಮನೆಯನ್ನು ವಿಚಾರಿಸಿಕೊಳ್ಳುವ ಹಾಗೆ ದಿನವೂ ವಿಚಾರಣೆ. ಅತ್ತಿಗೆಯ ಗಂಡನೂ ಕಡಿಮೆಯಿಲ್ಲ. ಊಟವಾದ ಮೇಲೆ ಕೆಳಹೊಟ್ಟೆಯ ಬಲಗಡೆ ಮೆಲ್ಲನೆ ತಟ್ಟಿಕೊಂಡು, "ಪುಟ್ಟಿ ಖುಷಿಯಾಗಿದ್ದಾಳೆ" ಎನ್ನುತ್ತಿದ್ದ. ಪುಟ್ಟಿ ಅಂದರೆ ತಂಗಿ. ಹದಿನಾರು ವರ್ಷ ಅವನೊಂದಿಗೆ ಬಾಳಿದ ಅತ್ತಿಗೆ ಎದುರಿಗೇ ತಟ್ಟೆ ಎತ್ತುತ್ತಿರುತ್ತಿದ್ದಳು. ತಾನು ಕೊಡುತ್ತೇನೆಂದು ಮೊದಲು ಮುಂದೆ ಬಂದವಳು ಅವಳೇ. ರಕ್ತದ ಗುಂಪು ಕೂಡಿಬರಲಿಲ್ಲ, ಅಷ್ಟೇ. ಅದನ್ನೀಗ ಯಾರು ನೆನಪಿಟ್ಟುಕೊಂಡಿದ್ದಾರೆ?

ಅತ್ತಿಗೆಗೆ ಕೆಲಸ ಅವನಿಗೆ ಕಸಿ ಮಾಡಿದ ಆಸ್ಪತ್ರೆಯ ಲ್ಯಾಬಿನಲ್ಲೇ. ಕಿಡ್ನಿ ಕಸಿಯಾದವರ ಮೂತ್ರದಲ್ಲಿ ಒಂದು ಕಿಣ್ವದ ಸುಳಿವು ಹುಡುಕುವುದು ಅವಳ ಪಾಲಿಗೆ ಬಂದಿತ್ತು. ಅದರ ಹೆಸರು ಗ್ರ್ಯಾನ್‌ಜೈಮ್. ಲ್ಯಾಬಿನವರು ಕರೆಯುವುದು ಕನ್ನಗಳ್ಳ ಎಂದು. ಮೈ ಕಾಯುವ ಬಿಳಿ ರಕ್ತಕಣಗಳು ಹೊಸ ಕಿಡ್ನಿಯನ್ನು ಪರರದ್ದೆಂದು ಗುರುತು ಹಿಡಿದರೆ, ಅದರ ಜೀವಕೋಶಗಳ ಗೋಡೆಗೆ ಕನ್ನ ಕೊರೆದು ಈ ಕಿಣ್ವವನ್ನು ಒಳಗೆ ನುಗ್ಗಿಸುತ್ತವೆ. ಆಮೇಲೆ ಆ ಕೋಶ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ರಕ್ತಪರೀಕ್ಷೆಯಲ್ಲಿ ಏನೂ ಕಾಣುವ ಮೊದಲೇ ಮೂತ್ರದಲ್ಲಿ ಕಳ್ಳನ ಹೆಜ್ಜೆ ಸಿಕ್ಕೀತೇ ಎಂಬುದೇ ಅವರ ಅಧ್ಯಯನ. ಸೀಸೆಗಳ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಮಿತಿ ಮೀರಿದ್ದು ಕಂಡರೆ ಕೂಡಲೇ ದೊಡ್ಡ ಡಾಕ್ಟರಿಗೆ ಹೇಳಬೇಕು; ಯಾವ ನಂಬರು ಯಾರದೆಂದು ಗೊತ್ತಿರುವುದು ಅವರೊಬ್ಬರಿಗೇ.

ಆ ಮಂಗಳವಾರ ಮೂತ್ರ ಕೊಡುವವರಲ್ಲಿ ಗಂಡನ ಸರದಿಯೂ ಇತ್ತು. ಮೂವತ್ತೊಂದನೇ ಸೀಸೆ ಕಂಠಮಟ್ಟ ತುಂಬಿದ್ದನ್ನು ನೋಡಿ ಅತ್ತಿಗೆಗೆ ನಗು ಬಂತು. ಅವನಿಗೆ ಯಾವುದನ್ನೂ ಅರ್ಧ ತುಂಬಿಸಿ ಗೊತ್ತಿಲ್ಲ. ಲೋಟವಾಗಲಿ ಬಕೆಟ್ಟಾಗಲಿ ತುಳುಕಲೇಬೇಕು.

ಮಧ್ಯಾಹ್ನ ಪರದೆಯ ಮೇಲೆ ಮೂವತ್ತೊಂದರ ಗೆರೆ ಉಳಿದೆಲ್ಲ ಗೆರೆಗಳಿಗಿಂತ ಮೊದಲೇ ಎದ್ದು ನಿಂತಿತು. ಗೆರೆ ಬೇಗ ಎದ್ದಷ್ಟೂ ಕನ್ನಗಳ್ಳ ಹೆಚ್ಚು. ಇನ್ನೊಮ್ಮೆ ಪರೀಕ್ಷೆಗಿಟ್ಟಳು. ನಾಲ್ಕೂವರೆಗೆ ಮತ್ತೆ ಅದೇ ಗೆರೆ. ಗಂಡನ ಕಿಡ್ನಿ ಕೈಬಿಡುತ್ತಿದೆಯೆಂಬ ಭಯ ಹತ್ತಿತು. ಆ ಭಯದ ಅಡಿಯಲ್ಲೇ ಇನ್ನೇನೋ ಬೆಚ್ಚಗೆ ಮಿಸುಕಾಡಿತು: ನಾದಿನಿ ಹೊರಗಿನವಳೆಂದು ಕೊನೆಗೂ ಅವನ ಮೈಗಾದರೂ ಗೊತ್ತಾಯಿತಲ್ಲ!

ಮೂರು ಬಾಗಿಲು ದಾಟಿದರೆ ಡಾಕ್ಟರ ಕೋಣೆ, ಒಳಗೆ ದೀಪವಿತ್ತು. ಅತ್ತಿಗೆ ಚೀಲ ಹೆಗಲಿಗೇರಿಸಿ ಮನೆಗೆ ನಡೆದಳು. ಸಂಜೆ ನಾದಿನಿ ಊಟಕ್ಕೆ ಬರುವವಳಿದ್ದಳು. ಒಂದು ಸಲ, ಒಂದೇ ಒಂದು ಸಲ, ತನಗೆ ಗೊತ್ತಿದ್ದು ಅವಳಿಗೆ ಗೊತ್ತಿಲ್ಲ ಎನ್ನುವಾಗ ಆ ಮುಖ ನೋಡಬೇಕಿತ್ತು.

"ಏನತ್ತಿಗೆ ಇಷ್ಟೊಂದು ಉಪ್ಪು? ನನ್ನ ಕಿಡ್ನೀನ ಉಪ್ಪು ಹಾಕಿ ಒಣಗಿಸಬೇಕು ಅಂತಿದ್ದೀರಾ?" ಮೊದಲ ತುತ್ತಿಗೇ ಶುರು ಮಾಡಿದಳು ನಾದಿನಿ.

"ಸುಮ್ನಿರೇ ಪುಟ್ಟಿ," ಗಂಡ ನಕ್ಕ. "ಅವಳು ಅಳೆದೇ ಹಾಕೋದು."

"ಹಾಕಲಿ ಬಿಡಣ್ಣ. ಆದ್ರೂ ಒಂದು ಬ್ರೇಕು ನನ್ನ ಕಾಲ ಕೆಳಗಿರಲಿ." ಅವಳು ಕಾರು ಕಲಿಸುವವಳು; ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕಿರುತ್ತದೆ.

ಮಾತು ಅತ್ತಿಗೆಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಕರುಣೆಯಿಂದಲ್ಲ. ನಾಳೆ ಡಾಕ್ಟರ ಬಾಯಿಂದಲೇ ಬಂದರೆ ಇನ್ನೂ ಚೆನ್ನ.

"ನೀನ್ಯಾಕೆ ತಿಂತಾನೇ ಇಲ್ಲ?" ಎನ್ನುತ್ತಾ ಗಂಡ ಅವಳ ಲೋಟಕ್ಕೆ ನೀರು ಬಗ್ಗಿಸಿದ. ನೀರು ಅಂಚು ಮೀರಿ ಮೇಜಿನ ಮೇಲೆಲ್ಲ ಹರಿಯಿತು. ಅದನ್ನು ಒರೆಸುತ್ತಾ ನಿಂತಾಗ ಅತ್ತಿಗೆಗೆ ಹೊಳೆಯಿತು: ತಾನು ಬಚ್ಚಿಟ್ಟುಕೊಂಡಿರುವುದು ಇವನ ಜೀವವನ್ನು.

ಮರುದಿನ ಏಳೂವರೆಯ ಫೋನು ಎತ್ತಲಿಲ್ಲ. ಡಾಕ್ಟರು ಕುರ್ಚಿಯಲ್ಲಿ ಕೂರುವ ಮೊದಲೇ ಅವರ ಮುಂದೆ ನಿಂತಿದ್ದಳು.

"ಮೂವತ್ತೊಂದು, ಸರ್. ತುಂಬಾ ಜಾಸ್ತಿ ಇದೆ. ನನ್ನ ಗಂಡಂದು."

"ನಿಮಗೆ ಹೇಗೆ ಗೊತ್ತು?"

"ಸೀಸೆ ಕಂಠಮಟ್ಟ ತುಂಬಿತ್ತು."

ಡಾಕ್ಟರು ಅವಳನ್ನೊಮ್ಮೆ ನೋಡಿ, ಬೀರು ತೆರೆದು ಪಟ್ಟಿಯ ಮೇಲೆ ಬೆರಳಾಡಿಸಿದರು. "ನಿಮ್ಮವರದಲ್ಲಮ್ಮ. ಅವರದು ಹತ್ತೊಂಬತ್ತು. ಇದೊಬ್ಬ ಬಸ್ ಕಂಡಕ್ಟರದು, ತಾಯಿ ಕೊಟ್ಟ ಕಿಡ್ನಿ." ಆಗಲೇ ಫೋನು ಅವರ ಕೈಯಲ್ಲಿತ್ತು. "ಈಗಲೇ ಕರೆಸಿ. ಇವತ್ತೇ ಬಯಾಪ್ಸಿ ಆಗಬೇಕು." ಫೋನಿಟ್ಟು ಕೇಳಿದರು, "ಇದು ಗೊತ್ತಾಗಿದ್ದು ಯಾವಾಗ?"

"ನಿನ್ನೆ. ನಾಲ್ಕೂವರೆಗೆ."

"ನಾನು ಆರರವರೆಗೆ ಇಲ್ಲೇ ಇದ್ದೆನಲ್ಲ."

ಅತ್ತಿಗೆ ಲ್ಯಾಬಿಗೆ ಹಿಂತಿರುಗಿದಳು.

ಹನ್ನೊಂದರ ಹೊತ್ತಿಗೆ ಲ್ಯಾಬಿನ ಗಾಜಿನಾಚೆ ಕಂಡಕ್ಟರು ಬಂದು ಕೂತ. ಪಕ್ಕದಲ್ಲಿ ಅವನ ತಾಯಿ, ಅವನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು. ಪರದೆಯಲ್ಲಿ ಹತ್ತೊಂಬತ್ತರ ಗೆರೆ ತಳದಲ್ಲೇ ನಿಶ್ಚಿಂತೆಯಿಂದ ಮಲಗಿತ್ತು. ಅದನ್ನೇ ನೋಡುತ್ತಿದ್ದಾಗ ಫೋನು ಬಂತು.

"ಅತ್ತಿಗೆ, ಬೆಳಗ್ಗೆ ಯಾಕೆ ಎತ್ತಲಿಲ್ಲ? ನನಗೆ ಕೈಕಾಲೇ ಆಡ್ತಿಲ್ಲ. ನಂದು ಹೇಗಿದೆ?"

"ಚೆನ್ನಾಗಿದೆ," ಎಂದಳು. ಹೇಳಿದ್ದು ನಿಜವೇ. ಆದರೂ ಅಷ್ಟು ಹೇಳುವಾಗ ಅವಳ ಕಣ್ಣು ಗಾಜಿನಾಚೆಯ ಆ ತಾಯಿಯ ಮೇಲಿತ್ತು.