ಬೆಂಚಿನಿಂದ ಬೆಂಚಿಗೆ ಸಮಾಧಾನ

ನಮ್ಮ ಚರ್ಚಿನ ಅಯ್ಯನವರು ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜ್ವರದ ಕಾಲದಲ್ಲಿ ಚರ್ಚಿಗೆ ಬೀಗ ಬಿದ್ದು, ಭಾನುವಾರದ ಆರಾಧನೆ ಫೋನಿಗೆ ಬಂದ ಮೇಲೆ ಅವರ ಕೈಗೊಂದು ಗುಂಡಿ ಸಿಕ್ಕಿತು. ಅದನ್ನು ಒತ್ತಿದರೆ ಇಡೀ ಸಭೆಯ ಬಾಯಿ ಬಂದ್. ಮೊದಲ ವಾರ ಯಾರದೋ ಮನೆಯ ಕುಕ್ಕರ್ ಕೂಗಿತು, ಇನ್ಯಾರೋ ಪಾಪದ ಅರಿಕೆಯ ಹೊತ್ತಿಗೇ ಗಂಡನನ್ನು ತರಾಟೆಗೆ ತೆಗೆದುಕೊಂಡರು. ಅಷ್ಟೇ ಸಾಕಾಯಿತು. ಮರುವಾರದಿಂದ ಅಯ್ಯನವರು ಗುಂಡಿ ಒತ್ತಿ, ತಾವೊಬ್ಬರೇ ಹಾಡಿ, ತಾವೊಬ್ಬರೇ ಆಮೆನ್ ಹೇಳತೊಡಗಿದರು. ನಾನು ಹೊಲಿಗೆ ಯಂತ್ರದ ಮೇಲೆ ಫೋನಿಟ್ಟುಕೊಂಡು ಗಂಟಲು ಹರಿಯುವಂತೆ ಹಾಡಿದರೂ ಕೇಳಲು ಗೋಡೆ ಬಿಟ್ಟು ಯಾರೂ ಇರಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ತಡೆದುಕೊಂಡೆ.

ತಡೆಯಲಾಗದೆ ಹೋದದ್ದು ಅಕ್ಕನ ವಿಷಯಕ್ಕೆ. ಅಕ್ಕ ಆಸ್ಪತ್ರೆಯಲ್ಲಿದ್ದಳು. ಜ್ವರ ಇಳಿದು ಉಸಿರಾಟ ಸರಿಹೋಗಿತ್ತು, ಆದರೆ ಊಟ ಬಿಟ್ಟುಬಿಟ್ಟಿದ್ದಳು. ಹೀಗೇ ಆದರೆ ಉಳಿಸಿಕೊಳ್ಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಒಳಗೆ ನಮ್ಮನ್ನು ಬಿಡುತ್ತಿರಲಿಲ್ಲ. ಭಾನುವಾರ ನರ್ಸಮ್ಮ ಅವಳ ಕಿವಿಯ ಹತ್ತಿರ ಫೋನಿಟ್ಟು ಆರಾಧನೆ ಕೇಳಿಸುತ್ತಿದ್ದರು.

ಶನಿವಾರ ಭಾವ ತಮ್ಮ ಬೇಕರಿಯ ಬಾಗಿಲು ಅರ್ಧ ಎಳೆದು, ಹಿಟ್ಟು ಮೆತ್ತಿದ ಕೈಯಲ್ಲೇ ನನ್ನ ಅಂಗಡಿಯ ಹೊಸ್ತಿಲಾಚೆ ಬಂದು ನಿಂತರು.

"ನಿನ್ನಕ್ಕ ಏನಂತಾಳೆ ಗೊತ್ತಾ? ಚರ್ಚಲ್ಲಿ ಆಮೆನ್ ಅನ್ನೋಕೂ ಯಾರೂ ಉಳಿದಿಲ್ಲ ಅಲ್ವಾ, ಅಂತಾಳೆ. ಎಲ್ರೂ ಹೋಗ್ಬಿಟ್ಟಿದ್ದಾರೆ, ನೀವು ಮುಚ್ಚಿಡ್ತಿದ್ದೀರಿ, ನಾನ್ಯಾಕೆ ತಿನ್ಲಿ ಅಂತಾಳೆ."

"ಎಲ್ರೂ ಗುಂಡುಕಲ್ಲಿನ ಹಾಗಿದ್ದಾರೆ ಅಂತ ಹೇಳ್ಬೇಕಿತ್ತು ಭಾವ!"

"ಹೇಳ್ದೆ. ನನ್ ದನಿ ಕೇಳಿ ಇನ್ನೂ ಜೋರಾಗಿ ಅತ್ಳು."

ಅದೂ ನಿಜವೇ. ಭಾವನದು ಹುಟ್ಟಾ ಅಳುವ ದನಿ. ಮದುವೆಯ ದಿನ "ಒಪ್ಪಿದ್ದೇನೆ" ಎಂದಾಗ ಪಾಪ, ಯಾರೋ ಓಡಿಹೋಗಿ ನೀರು ತಂದುಕೊಟ್ಟಿದ್ದರು. ನಾನು ಫೋನ್ ಮಾಡಿದರೆ ಅಕ್ಕ, "ನೀನೊಬ್ಬಳಾದ್ರೂ ಉಳ್ಕೊಂಡ್ಯಲ್ಲ" ಎಂದು ಇಟ್ಟುಬಿಟ್ಟಳು.

ಆಮೇಲೆ ನಾನು ಅಯ್ಯನವರಿಗೆ ಫೋನ್ ಹಚ್ಚಿ, ಬಾಯಿಗೆ ಬಂದದ್ದೆಲ್ಲ ಅಂದೆ. ಪಾಪ, ಅವರು ದಂಗಾಗಿಹೋದರು. "ನಾಳೆ ಬಿಡ್ತೀನಮ್ಮ, ಎಲ್ರೂ ಮಾತಾಡ್ಲಿ. ಆದ್ರೆ ಒಬ್ಬೊಬ್ರಾಗಿ, ಶಿಸ್ತಾಗಿ" ಎಂದರು.

ಶಿಸ್ತಂತೆ! ಅಷ್ಟು ವಾರ ಬಾಯಿ ಕಟ್ಟಿಸಿಕೊಂಡವರನ್ನು ಒಮ್ಮೆಗೇ ಬಿಟ್ಟರೆ ಇನ್ನೇನಾಗುತ್ತದೆ? ಗುಂಡಿ ಬಿಟ್ಟದ್ದೇ ತಡ, ಎಲ್ಲರೂ ಒಟ್ಟಿಗೆ ಅಕ್ಕನನ್ನು ಕರೆಯತೊಡಗಿದರು. ಮಾತಿನ ಮೇಲೆ ಮಾತು ಬಿದ್ದು, ಫೋನು ಕರ್ರೆಂದು ಕಿರುಚಿತು. ಒಂದು ಪದವೂ ತಿಳಿಯಲಿಲ್ಲ. ಆ ಗದ್ದಲದ ನಡುವೆ ಅಕ್ಕನ ದನಿ ಸಣ್ಣಗೆ ಕೇಳಿತು.

"ಯಾರದು? ಯಾಕೆ ಹಿಂಗೆ ಕೂಗಾಡ್ತಿದ್ದಾರೆ? ಇನ್ಯಾರು ಹೋದ್ರು?"

ಅವಳು ಅಳತೊಡಗಿದಳು. "ಇದು ಬೇಡ, ಫೋನ್ ಇಟ್ಬಿಡ್ತೀನಿ" ಎಂದರು ನರ್ಸಮ್ಮ.

"ಸಮಾಧಾನ! ಸಮಾಧಾನ!" ಅಯ್ಯನವರು ಗದರಿದರು. ಎಲ್ಲರೂ ಗಪ್‌ಚಿಪ್.

ಈಗ ಒಂದು ಮಾತು ಹೇಳಬೇಕು. ನಮ್ಮ ಚರ್ಚಿನಲ್ಲಿ ಆ ಪದಕ್ಕೆ ಇನ್ನೊಂದು ಕೆಲಸವೂ ಇದೆ. ಆರಾಧನೆಯ ನಡುವೆ ಅಯ್ಯನವರು "ಸಮಾಧಾನ" ಎಂದರೆ ನಾವು ಪಕ್ಕದವರ ಕೈಹಿಡಿದು ಅದನ್ನೇ ಹೇಳಬೇಕು. ಅದು ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿನವರೆಗೆ ಸಾಗುತ್ತದೆ. ಮುಂದಿನ ಬೆಂಚಿನ ಮೊದಲ ಜಾಗ ಗಡಿಯಾರ ರಿಪೇರಿ ಮಾಡುವ ತಾತನದು. ಅವರಿಗೆ ಕಿವಿ ಅರ್ಧಕ್ಕರ್ಧ ಮಂದ.

"ನಿಮ್ಗೂ ಆಗ್ಲಿ ಸಮಾಧಾನ!" ಎಂದರು ತಾತ, ಗಂಭೀರವಾಗಿ.

"ಅಯ್ಯೋ ಅದಲ್ಲಾರೀ! ಬಾಯ್ಮುಚ್ಚಿ ಅಂತಿದ್ದಾರೆ ಅಯ್ನೋರು!" ಎಂದರು ಅವರ ಹೆಂಡತಿ.

ಅಕ್ಕನ ಅಳು ನಿಂತಿತು. "ಗಡಿಯಾರದ ತಾತ? ತಾತಾ, ನೀವಿದ್ದೀರಾ?"

"ಇರದೆ ಎಲ್ಲಿಗೆ ಹೋಗ್ಲಿ? ಸಮಾಧಾನ, ಮಗಳೇ."

"ನಾನೂ ಇದ್ದೀನಮ್ಮ, ಇವ್ರನ್ನ ಬೈಯೋಕೆ. ಸಮಾಧಾನ" ಎಂದರು ಅಜ್ಜಿ.

ಮುಂದೆ ಯಾರೂ ಯಾರನ್ನೂ ಕರೆಯಬೇಕಾಗಲಿಲ್ಲ. ಅಜ್ಜಿಯ ಪಕ್ಕ ಕೂರುವವರು ಅಂಚೆಯಮ್ಮ, ಅವರು ಹೇಳಿದರು. ಅವರ ಹಿಂದೆ ಕರೆಂಟಿನಣ್ಣ. ಯಾರ ಪಕ್ಕ ಯಾರು ಎಂಬುದು ನಮಗೆ ನಿದ್ದೆಗಣ್ಣಲ್ಲೂ ಗೊತ್ತು. ಒಬ್ಬೊಬ್ಬರಾಗಿ, ಶಿಸ್ತಾಗಿ, ಬೆಂಚಿನಿಂದ ಬೆಂಚಿಗೆ ಸಮಾಧಾನ ಹಿಂದೆ ಸರಿಯಿತು.

"ಅಂಚೆಯಮ್ಮ, ಮೊಮ್ಮಗೂಗೆ ಹಲ್ಲು ಬಂತಾ? ಕರೆಂಟಣ್ಣಾ, ಚರ್ಚಲ್ಲಿ ಆಕಳಿಸೋದು ಬಿಟ್ಟು ಬಾಯೇ ತೆಗೀತಿರ್ಲಿಲ್ಲ ನೀವು, ಇವತ್ತು ಮಾತಾಡ್ತಿದ್ದೀರಾ!"

ಅಕ್ಕ ನಕ್ಕಳು. ಆ ನಗು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಯಂತ್ರದ ಮೇಲಿದ್ದ ಗಿರಾಕಿಯ ಹೊಸ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡೆ.

ಕೊನೆಗೆ ನಮ್ಮ ಬೆಂಚು ಬಂತು. ನಾನು ಹೇಳಿದೆ. ಭಾವ ಹೇಳಿದರು.

"ಅಳ್ಬೇಡಿ" ಎಂದಳು ಅಕ್ಕ.

"ಅಳ್ತಿಲ್ಲ ಕಣೇ."

"ಗೊತ್ತು ರೀ... ನರ್ಸಮ್ಮಾ, ಆ ಬ್ರೆಡ್ಡು, ಹಾಲು ಅಲ್ಲೇ ಇದ್ಯಾ? ಇತ್ಲಾಗೆ ಕೊಡಿ."

ಲೋಟ ತಟ್ಟೆಗೆ ತಾಗಿದ ಸದ್ದು ಎಲ್ಲರ ಮನೆಯಲ್ಲೂ ಕೇಳಿತು. ಅಯ್ಯನವರು ಕೆಮ್ಮಿ, "ಸರಿ, ಮುಂದಿನ ಕೀರ್ತನೆ..." ಎಂದು ಶುರುಮಾಡಿದರು.

"ಅಯ್ನೋರೇ, ನೀವು ನಂಗೆ ಸಮಾಧಾನ ಹೇಳೇ ಇಲ್ಲ."

"ಹೇಳಿದ್ನಲ್ಲಮ್ಮ, ಎರಡ್ಸಲ."

"ಅದು ಬೈದಿದ್ದು."

ಈ ಸಲ ಅಯ್ಯನವರ ದನಿಯೂ ಭಾವನ ದನಿಯಂತಾಗಿತ್ತು.

"ಸಮಾಧಾನ, ತಾಯಿ."

"ನಿಮ್ಗೂ ಆಗ್ಲಿ" ಎಂದಳು ಅಕ್ಕ. ಮಾತು ಅಷ್ಟು ಸ್ಪಷ್ಟವಾಗಿರಲಿಲ್ಲ. ಬಾಯಿ ತುಂಬ ಬ್ರೆಡ್ಡಿತ್ತು.