ನೊರೆ ಆರುವ ಮುನ್ನ

ಮನೆಯಿಲ್ಲದವರ ಪರವಾಗಿ ಕಚೇರಿಯಿಂದ ಕಚೇರಿಗೆ ಅಲೆಯುವುದೇ ಅವಳ ಕೆಲಸ. ಯಾರಿಗೆ ಎಲ್ಲಿ ಹಾಸಿಗೆ ಸಿಗುತ್ತದೆ, ಎಲ್ಲಿ ಔಷಧಿ ಸಿಗುತ್ತದೆ ಎಂಬುದೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಹಿಡಿದರೆ ಬಿಡದ ಅವಳಿಗೆ ಗುಮಾಸ್ತರು ಇಟ್ಟ ಹೆಸರು ಅಂಟಕ್ಕ. ವಸತಿ ಕಚೇರಿಯ ಸಾಹೇಬರಂತೂ ಅವಳ ದನಿ ಕೇಳಿದರೆ ಸಾಕು, ಹಿಂಬಾಗಿಲಿನಿಂದ ಪರಾರಿ. ಖಾಲಿ ಕುರ್ಚಿಗೆ ನಮಸ್ಕಾರ ಹಾಕಿ ಬರುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು.

ಈ ಸಲ ಅವಳ ತಲೆ ಕೊರೆಯುತ್ತಿದ್ದದ್ದು ಒಬ್ಬ ಕ್ಷೌರಿಕನ ಚಿಂತೆ. ಅವನ ಅಂಗಡಿಯಿದ್ದ ಕಟ್ಟಡವನ್ನು ಕೆಡವಿಹಾಕಿದ್ದರು. ಅಂಗಡಿಯ ಹಿಂದಿನ ಕೋಣೆಯೇ ಅವನ ಮನೆ. ಎರಡೂ ಒಟ್ಟಿಗೇ ಹೋದವು. ಈಗ ಬಸ್ ತಂಗುದಾಣದ ಬೆಂಚಿನ ಮೇಲೆ, ಕತ್ತಿ ಬ್ರಷ್ಷುಗಳ ಪೆಟ್ಟಿಗೆಯನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದ. ಸರ್ಕಾರಿ ವಸತಿಗೃಹದಲ್ಲಿ ಕೋಣೆಗಳು ಖಾಲಿ ಬಿದ್ದಿದ್ದವು. ಸಾಹೇಬರು ಒಂದು ಹೂಂ ಅನ್ನಬೇಕಿತ್ತು, ಅಷ್ಟೇ.

"ಅಣ್ಣ, ನಾಳೆ ಕಚೇರಿ ಹಿಂದಿನ ಓಣಿಯಲ್ಲಿ ಕುರ್ಚಿ ಹಾಕು," ಎಂದಳು ಅಂಟಕ್ಕ. "ಸಾಹೇಬ್ರ ಗಡ್ಡ ಬೆಳೆದಿದೆ, ನೋಡಿದ್ದೀನಿ. ಅರ್ಧ ಬೋಳಿಸಿ ನಿಲ್ಲಿಸಿಬಿಡು. ಆ ಮುಖ ಇಟ್ಕೊಂಡು ಎಲ್ಲಿಗೆ ಓಡ್ತಾರೆ?"

ಕ್ಷೌರಿಕ ಕಿವಿ ಮುಚ್ಚಿಕೊಂಡ. "ಅರ್ಧ ಕ್ಷೌರದಲ್ಲಿ ಯಾರನ್ನೂ ಕುರ್ಚಿಯಿಂದ ಎಬ್ಬಿಸಿದವನಲ್ಲ ಅಕ್ಕ ನಾನು! ಬೇಕಿದ್ರೆ ನಿಧಾನ ಮಾಡ್ತೀನಿ."

ಮರುದಿನ ಅಂಟಕ್ಕ ಮುಂಬಾಗಿಲಲ್ಲಿ ನಿಂತು ಬೇಕೆಂದೇ ಗಟ್ಟಿಯಾಗಿ ಮಾತಾಡಿದಳು. ಸಾಹೇಬರು ಹಿಂದಿನಿಂದ ಜಾರಿದರು. ಓಣಿಯಲ್ಲಿ ನೋಡಿದರೆ ಕನ್ನಡಿ, ಕುರ್ಚಿ, ಒಗೆದ ಬಿಳಿ ಬಟ್ಟೆ! ಹೇಗೂ ಅವಳು ತೊಲಗುವ ತನಕ ಹೊತ್ತು ಕಳೆಯಬೇಕು. ಕೆನ್ನೆ ಸವರಿಕೊಂಡು ಕೂತೇಬಿಟ್ಟರು.

ನೊರೆ ಕಿವಿಯವರೆಗೆ ಏರಿದ ಹೊತ್ತಿಗೆ ಓಣಿಯ ತಿರುವಿನಲ್ಲಿ ಅಂಟಕ್ಕ ಕಾಣಿಸಿಕೊಂಡಳು. ಸಾಹೇಬರು ಏಳಲು ಹೊರಟರು. ಆದರೆ ಕತ್ತಿ ಆಗಲೇ ಗಂಟಲ ಮೇಲಿತ್ತು.

"ಅಲ್ಲಾಡಬೇಡಿ ಸಾರ್," ಎಂದ ಕ್ಷೌರಿಕ, ಬೆಣ್ಣೆಯಂಥ ದನಿಯಲ್ಲಿ. "ಮಾತೂ ಆಡಬೇಡಿ. ಗಾಯ ಆದ್ರೆ ನನ್ನ ಮಾನ ಹೋಗುತ್ತೆ."

ನೌಕರಿಗೆ ಸೇರಿದ ಮೇಲೆ ಮೊದಲ ಸಲ ಸಾಹೇಬರು ಒಂದು ಅಹವಾಲನ್ನು ಬಾಯಿ ಮುಚ್ಚಿಕೊಂಡು ಪೂರ್ತಿ ಕೇಳಿದರು. ಹೋದ ಮನೆ, ಬೆಂಚಿನ ಚಳಿ, ಕಾವಲುಗಾರನ ಗದರಿಕೆ, ಎಲ್ಲವನ್ನೂ ಅಂಟಕ್ಕ ಹೇಳಿದಳು. ಆ ಮನುಷ್ಯನ ಕಸುಬೇನೆಂದು ಮಾತ್ರ ಹೇಳಲಿಲ್ಲ. ಕ್ಷೌರಿಕನೋ, ಒಂದೊಂದು ಕೂದಲನ್ನೂ ಮಾತಾಡಿಸಿ ಬೀಳ್ಕೊಡುವವನಂತೆ ಬೋಳಿಸುತ್ತಿದ್ದ.

"ಪಾಪ, ಎಲ್ಲಿದ್ದಾನೆ ಆ ಮನುಷ್ಯ?" ಬಾಯಿಗೆ ಬಿಡುಗಡೆ ಸಿಕ್ಕಿದೊಡನೆ ಸಾಹೇಬರು ಕೇಳಿದರು.

"ನಿಮ್ಮ ಮುಖ ಒರೆಸ್ತಾ ಇದ್ದಾರಲ್ಲ ಸಾರ್, ಅವರೇ."

ಸಾಹೇಬರು ಸಿಟ್ಟು ಮಾಡಿಕೊಳ್ಳಲು ನೋಡಿದರು. ನಗೆಯೇ ಮುಂದೆ ಬಂತು. "ಗಡ್ಡದ ಜೊತೆ ನನ್ನ ತಲೆಯನ್ನೂ ಬೋಳಿಸಿಬಿಟ್ರಲ್ಲ, ಇಬ್ಬರೂ ಸೇರಿ!"

ಸಂಜೆಯೊಳಗೆ ಕೋಣೆಯ ಕೀಲಿ ಸಿಕ್ಕಿತು. ಕಿಟಕಿ ತೆರೆದರೆ ಎದುರಿಗೆ ಬರೀ ಗೋಡೆ. ಆದರೂ ಕ್ಷೌರಿಕ ಬೀಗ ಹಾಕುವುದು, ತೆಗೆಯುವುದು ನಡೆಸಿಯೇ ಇದ್ದ. ಆಮೇಲೆ, "ಅಕ್ಕ, ಒಂಚೂರು ಹೊರಗೆ ನಿಂತ್ಕೊಳ್ಳಿ," ಎಂದು ಬಾಗಿಲು ಮುಚ್ಚಿಕೊಂಡ. ಅಂಟಕ್ಕ ಕಣ್ಣುಕಣ್ಣು ಬಿಟ್ಟಳು.

"ಬಾಗಿಲು ತಟ್ಟಿ," ಎಂದಿತು ಒಳಗಿನ ದನಿ.

ತಟ್ಟಿದಳು.

"ಯಾರದು?"

"ನಾನೇ ಕಣಣ್ಣ!"

ಬಾಗಿಲು ತೆರೆಯಿತು. ಅವನ ಕಣ್ಣು ಒದ್ದೆಯಾಗಿತ್ತು, ಮುಖದ ತುಂಬ ತುಂಟತನ.

"ಬನ್ನಿ ಬನ್ನಿ ಅಕ್ಕ! ಏನು ಇತ್ತೀಚೆಗೆ ತೀರಾ ಅಪರೂಪ ಆಗಿಬಿಟ್ರಿ!"